ಎರಡನೇ ಸ್ಥಾನದ ಹಸಿರು ಕೊಡ

ಇತ್ತೀಚೆಗೆ ನನ್ನ ಚಿತ್ರಗಳ ಪ್ರದರ್ಶನಕ್ಕೆಂದು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ವಿದ್ವಾಂಸರೊಬ್ಬರು ನನ್ನ ಬಗ್ಗೆ ನಾಲ್ಕು ಪುಟ ಬರೆದಿದ್ದಾರೆ. ಈ ಕಲಾವಿದರು ಸ್ವಂತ ನೆನಪು, ಸಮಾಜಶಾಸ್ತ್ರ, ಹಾಸ್ಯ ಮೂರನ್ನೂ ಬೆರೆಸಿ ಚಿತ್ರ ಬರೆಯುತ್ತಾರೆ ಎಂಬುದು ಅದರ ಸಾರಾಂಶ. ಓದಿ ಎರಡು ದಿನ ನಾನು ಸ್ವಲ್ಪ ನೆಟ್ಟಗೆ ನಡೆದೆ. ಮೂರನೆಯ ದಿನ ಸಂಶಯ ಬಂತು. ಸಮಾಜಶಾಸ್ತ್ರವನ್ನು ನಾನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಆ ಶಾಸ್ತ್ರದಲ್ಲಿ ನನಗೆ ಆದದ್ದು ಒಂದೇ ಒಂದು ಪಾಠ. ಅದೂ ಎಂಬತ್ತರ ದಶಕದ ಆರಂಭದಲ್ಲಿ, ರಾಜಾಜಿನಗರದ ಒಂದು ವಠಾರದ ನಲ್ಲಿಯ ಮುಂದೆ. ಹಾಸ್ಯದ ವಿಚಾರ ಹೇಳುವುದಾದರೆ, ಆಗ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಠಾರದಲ್ಲಿ ಏಳು ಮನೆ, ಒಂದು ಅಂಗಳ, ಒಂದು ನಲ್ಲಿ. ನೀರು ಬೆಳಿಗ್ಗೆ ಐದಕ್ಕೆ ಬಂದು ಆರೂಮುಕ್ಕಾಲಿಗೆ ನಿಲ್ಲುತ್ತಿತ್ತು. ಬರುವಾಗ ದೊಡ್ಡ ಮನುಷ್ಯರ ಹಾಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಬರುತ್ತಿತ್ತು. ಹೋಗುವಾಗ ಯಾರಿಗೂ ಹೇಳದೆ ಹೋಗುತ್ತಿತ್ತು. ಒಂದೊಂದು ಮನೆಗೆ ಕಾಲು ಗಂಟೆ. ಅಷ್ಟರಲ್ಲಿ ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ತುಳಸಿಗೆ ಎಷ್ಟು ಹಿಡಿದುಕೊಳ್ಳುತ್ತೀರೋ ಅದು ನಿಮ್ಮ ಶಕ್ತಿ. ಹಿಂದಿನ ದಿನ ಸಂಜೆಯೇ ಪ್ರತಿ ಮನೆಯಿಂದ ಒಂದೊಂದು ಬಿಂದಿಗೆ ಬಂದು ನಲ್ಲಿಯ ಮುಂದೆ ಸಾಲಾಗಿ ನಿಲ್ಲುತ್ತಿತ್ತು. ಬಿಂದಿಗೆಯು ಮನೆಯವರ ಪರವಾಗಿ ಸಾಲಿನಲ್ಲಿ ನಿಲ್ಲಬಹುದು. ಆದರೆ ಸರದಿ ಬಂದಾಗ ನೀರು ಹಿಡಿಯಲು ಮನೆಯವರೇ ಬರತಕ್ಕದ್ದು. ಬಾರದಿದ್ದಲ್ಲಿ ಸದರಿ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಲಾಗುವುದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟ ಕಾನೂನುಗಳಿಗೆ ನಮ್ಮಲ್ಲಿ ಅಷ್ಟು ಮರ್ಯಾದೆ ಇದ್ದಿದ್ದರೆ ದೇಶ ಎಲ್ಲೋ ಇರುತ್ತಿತ್ತು.

ಸಾಲಿನಲ್ಲಿ ಯಾರ ಹಿಂದೆ ಯಾರು ಎಂಬುದು ವಠಾರಕ್ಕೆ ಬಂದ ಹಿರಿತನದ ಪ್ರಕಾರ. ಮೊದಲನೆಯದು ವಠಾರದ ಒಡತಿಯದು. ಅವರನ್ನು ಎಲ್ಲರೂ ಓನರ್ ಅಜ್ಜಿ ಎನ್ನುತ್ತಿದ್ದರು, ಅವರ ಸ್ವಂತ ಮೊಮ್ಮಕ್ಕಳು ಕೂಡ. ಅವರದು ತಾಮ್ರದ ಬಿಂದಿಗೆ, ವಾರಕ್ಕೆರಡು ಸಲ ಹುಣಸೆಹಣ್ಣಿನ ಅಭ್ಯಂಜನವಾಗಿ ಅಂಗಳಕ್ಕೆಲ್ಲ ಬೆಳಕು ಕೊಡುವಂಥದ್ದು. ಆಮೇಲೆ ಎರಡನೇ ಮನೆಯವರದು, ಆಮೇಲೆ ರಿಟೈರ್ಡ್ ಮೇಷ್ಟ್ರ ಮನೆಯದು, ಆಮೇಲೆ ನಮ್ಮದು, ಹೀಗೆ.

ಇದಕ್ಕೆ ಅಪವಾದ ಒಂದೇ. ಕೊನೆಯ ಮನೆಯಲ್ಲಿ ತಾಯಿಯ ಜೊತೆ ಇದ್ದ ಅಕ್ಕ. ಆಕೆ ಊರಿನ ಇನ್ನೊಂದು ತುದಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಆರೂವರೆಗೆ ಫ್ಯಾಕ್ಟರಿ ಬಸ್ಸು. ತಾಯಿಗೆ ಮಂಡಿನೋವು, ಬಿಂದಿಗೆ ಎತ್ತುವುದಿರಲಿ, ಎತ್ತುವವರನ್ನು ನೋಡಿದರೂ ಅವರಿಗೆ ಆಗುತ್ತಿರಲಿಲ್ಲ. ಎರಡನೇ ಮನೆಯಲ್ಲಿದ್ದ ಆಂಟಿ ಇದನ್ನು ಕಂಡು, ನೀನು ನನಗಿಂತ ಮುಂಚೆ ಹಿಡ್ಕೊಂಡು ಹೋಗಮ್ಮ, ಬಸ್ಸಿನವನು ನಿನಗೋಸ್ಕರ ಕಾಯ್ತಾನಾ ಎಂದು ತಮ್ಮ ಜಾಗ ಬಿಟ್ಟುಕೊಟ್ಟರು. ಹಾಗೆ ಕಟ್ಟಕಡೆಗೆ ಬಂದ ಮನೆಯ ಕೊಡ ಅಜ್ಜಿಯ ಬೆನ್ನಿಗೇ ಬಂದು ನಿಂತಿತು. ಉಳಿದವರೆಲ್ಲ ಒಂದೊಂದು ಸ್ಥಾನ ಹಿಂದೆ ಹೋದರು. ನಮ್ಮದು ಐದನೆಯದಾಯಿತು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇರುವುದರಲ್ಲಿ ನಮ್ಮ ವಠಾರದವರು ಬಹಳ ಮುಂದುವರಿದಿದ್ದರು.

ಕೊಡ ಎಂದೆ, ಬಿಂದಿಗೆ ಎನ್ನಲಿಲ್ಲ. ಅದು ಪ್ಲಾಸ್ಟಿಕ್ಕಿನದು. ಬಣ್ಣ ಗಿಳಿಹಸಿರು. ಆಗಿನ್ನೂ ಪ್ಲಾಸ್ಟಿಕ್ ಕೊಡಗಳು ಮನೆಮನೆಗೆ ಕಾಲಿಡುತ್ತಿದ್ದ ಕಾಲ. ಹೊತ್ತು ನಡೆಯಲು ಹಗುರ ಎಂದು ಅಕ್ಕ ತಂದದ್ದು. ಅದನ್ನು ಮೊದಲ ದಿನ ಕಂಡಾಗ ಅಜ್ಜಿ, ಇದೇನು ಬಿಂದಿಗೆಯೋ ಬಕೆಟ್ಟಿನ ತಮ್ಮನೋ ಎಂದು ಕೇಳಿ, ತಮ್ಮ ತಾಮ್ರದ್ದನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿದ್ದರು.

ನಾನು ಆಗ ಚಿತ್ರಕಲಾ ಶಾಲೆಯಲ್ಲಿ ಕಡೆಯ ವರ್ಷದಲ್ಲಿದ್ದೆ. ಎರಡು ಬಸ್ಸು ಬದಲಿಸಿ ಹೋಗಿಬರುವುದೇ ಅರ್ಧ ಓದು. ವರ್ಷದ ಕೊನೆಗೆ ಒಂದು ದೊಡ್ಡ ಚಿತ್ರ ಕೊಡಬೇಕು, ವಿಷಯ ‘ನನ್ನ ಅಕ್ಕಪಕ್ಕದವರು’. ಸುಲಭ ಎಂದುಕೊಂಡೆ, ಅಕ್ಕಪಕ್ಕದವರಿಗೆ ನಮ್ಮಲ್ಲಿ ಬರವೇನೂ ಇರಲಿಲ್ಲ. ಆದರೆ ಅವರಲ್ಲಿ ಯಾರೂ ಬರೆಸಿಕೊಳ್ಳಲು ತಯಾರಿರಲಿಲ್ಲ. ಮೇಷ್ಟ್ರು ಒಪ್ಪಿದರು, ಆದರೆ ಏಪ್ರಿಲ್ ತಿಂಗಳ ಸೆಖೆಯಲ್ಲಿ ಕರಿ ಕೋಟು ಹಾಕಿಕೊಂಡು ಬಂದು, ಉಸಿರು ಬಿಗಿಹಿಡಿದು ಕೂತರು. ಸಾರ್, ಉಸಿರಾಡಬಹುದು ಎಂದರೆ, ಫೋಟೋ ಅಲುಗಾಡಿಬಿಟ್ಟರೆ ಎಂದರು. ಅಜ್ಜಿ, ಚಿತ್ರ ಬರೆಸಿಕೊಂಡರೆ ಆಯಸ್ಸು ಕಡಿಮೆ ಎಂದು ತಲೆಯಾಡಿಸಿ, ಐದು ನಿಮಿಷ ಬಿಟ್ಟು, ಬರೆಯುವುದಾದರೆ ಮೂಗುತಿ ಮರೆಯಬೇಡ ಎಂದು ಹೇಳಿಕಳಿಸಿದರು. ನಮ್ಮಮ್ಮನೋ, ಇರೋ ಕೆಲಸ ಬಿಟ್ಟು ನಿನ್ನೆದುರು ಗೊಂಬೆ ಹಾಗೆ ಕೂತ್ಕೋಬೇಕಾ ಎಂದಳು.

ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಪೆನ್ಸಿಲು ಕಚ್ಚುತ್ತಿದ್ದಾಗ ಎದುರಿಗೇ ಇದ್ದ ಸಾಲು ಕಣ್ಣಿಗೆ ಬಿತ್ತು. ತಾಮ್ರದ್ದು ಎದೆಯುಬ್ಬಿಸಿ ಎಲ್ಲರಿಗಿಂತ ಮುಂದೆ. ಮೇಷ್ಟ್ರದು ಕಂಠದ ಹತ್ತಿರ ಬೆಸುಗೆ ಹಾಕಿಸಿಕೊಂಡು, ಶಾಲು ಹೊದ್ದವರ ಹಾಗೆ. ನಮ್ಮ ಹಿತ್ತಾಳೆಯದು ಪಕ್ಕೆ ನೆಗ್ಗಿ, ಜೀವನದಲ್ಲಿ ಒಂದು ಪೆಟ್ಟು ತಿಂದ ಗೃಹಿಣಿಯ ಹಾಗೆ. ಏಳು ಮನೆಯವರೂ ಅಲ್ಲಿ ಅಲುಗಾಡದೆ ಕೂತಿದ್ದರು, ಉಸಿರು ಬಿಗಿಹಿಡಿಯದೆ. ಬಿಂದಿಗೆಗಳನ್ನೇ ಬರೆಯುವುದೆಂದು ತೀರ್ಮಾನಿಸಿದೆ.

ಪೋಸ್ಟರ್ ಕಲರ್ ತಂದು ಶುರುಮಾಡಿದೆ. ಮೊದಲು ಏಳನ್ನೂ ಪೆನ್ಸಿಲಿನಲ್ಲಿ ಇದ್ದದ್ದು ಇದ್ದ ಹಾಗೆ ಗುರುತು ಹಾಕಿ, ಅಜ್ಜಿಯ ತಾಮ್ರ, ಅದರ ಹಿಂದಿನ ಹಸಿರು ಕೊಡ, ಎರಡಕ್ಕೂ ಬಣ್ಣ ತುಂಬಿಸಿ ಶಾಲೆಗೆ ಒಯ್ದೆ. ನಮ್ಮ ಗುರುಗಳು ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು, ಕಡೆಗೆ ಪೆನ್ಸಿಲಿನ ತುದಿಯಿಂದ ಹಸಿರನ್ನು ಮುಟ್ಟಿ, ಇದು ಇಲ್ಲಿ ಕೂತು ಕಣ್ಣಿಗೆ ಅಡ್ಡ ಬರುತ್ತೆ ಕಣಯ್ಯ ಎಂದರು. ನೋಡುವವರ ಕಣ್ಣು ತಾಮ್ರದಿಂದ ಹಿತ್ತಾಳೆಗೆ, ಹಿತ್ತಾಳೆಯಿಂದ ಸ್ಟೀಲಿಗೆ ಸರಾಗವಾಗಿ ಹರಿಯಬೇಕು. ಈ ಗಿಳಿಹಸಿರನ್ನು ಕೊನೆಗೆ ಕಳಿಸು, ಅಲ್ಲಿ ಒಂದು ಚುಕ್ಕೆ ಇಟ್ಟ ಹಾಗೆ ಇರುತ್ತೆ, ಎಂದರು.

ಗುರುಗಳ ಮಾತು. ಉಳಿದ ಪೆನ್ಸಿಲ್ ಗುರುತುಗಳನ್ನು ಅಳಿಸಿ ಒಂದೊಂದು ಸ್ಥಾನ ಮುಂದಕ್ಕೆ ತಂದೆ. ಹಸಿರಿನ ಮೇಲೆ ದಪ್ಪಗೆ ಬಣ್ಣ ಹಚ್ಚಿ ಎರಡನೇ ಮನೆಯ ಹಿತ್ತಾಳೆ ಬಿಂದಿಗೆಯನ್ನು ಕೂರಿಸಿದೆ. ಹಸಿರು ಕೊಡವನ್ನು ಸಾಲಿನ ಬಾಲಕ್ಕೆ ಕಳಿಸಿದೆ. ಚಿತ್ರ ನಿಜವಾಗಿಯೂ ಚೆನ್ನಾಯಿತು. ವಠಾರದಲ್ಲಿ ಯಾರಿಗೂ ಮಾಡುವ ಧೈರ್ಯವಿಲ್ಲದ ಕೆಲಸವನ್ನು ನಾನು ಆರು ನಂಬರಿನ ಒಂದು ಬ್ರಷ್ಷಿನಿಂದ ಮಾಡಿದ್ದೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮುಗಿದ ದಿನ ಚಿತ್ರದ ಕಾಗದ ಅಂಟಿಸಿದ್ದ ಹಲಗೆಯನ್ನು ನಮ್ಮ ಬಾಗಿಲ ಪಕ್ಕ ಒಣಗಲು ಇಟ್ಟೆ. ಜನ ಬಂದರು. ತಮ್ಮ ಮುಖ ತೋರಿಸಲು ಒಪ್ಪದವರೆಲ್ಲ ತಮ್ಮ ಬಿಂದಿಗೆಯ ಮುಖ ಹುಡುಕಿದರು. ಅಜ್ಜಿ ತಾಮ್ರದ ಹೊಳಪು ಇನ್ನೂ ಸ್ವಲ್ಪ ಇರಬೇಕಿತ್ತು ಎಂದರು. ಅಮ್ಮ, ಆ ನೆಗ್ಗು ಯಾಕೋ ಬರೆದೆ, ನೋಡಿದೋರು ಏನಂದ್ಕೋತಾರೆ ಎಂದು ದಿನವಿಡೀ ಸಿಡಿಮಿಡಿಗೊಂಡಳು. ಮೇಷ್ಟ್ರು ಕನ್ನಡಕ ಏರಿಸಿ ತಮ್ಮ ಬೆಸುಗೆಯ ಗುರುತನ್ನು ಪರೀಕ್ಷಿಸಿ, ಯಥಾವತ್ ಎಂದು ಸರ್ಟಿಫಿಕೇಟು ಕೊಟ್ಟರು. ಹಸಿರು ಕೊಡ ಎಲ್ಲಿದೆ ಎಂದು ಯಾರೂ ನೋಡಲಿಲ್ಲ. ಅಕ್ಕ ಕೆಲಸಕ್ಕೆ ಹೋಗಿದ್ದರು.

ಇಷ್ಟಾದ ಎರಡು ವಾರಕ್ಕೆ ಎರಡನೇ ಮನೆಯ ಆಂಟಿ ವಿಜಯನಗರದಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋದರು. ಆ ಮನೆಗೆ ಹೊಸದಾಗಿ ಮದುವೆಯಾದ ದಂಪತಿ ಬಂದರು. ಆ ಹುಡುಗಿ ಮೊದಲನೇ ಸಂಜೆಯೇ ತವರಿನವರು ಕೊಟ್ಟ ಹೊಳೆಯುವ ಸ್ಟೀಲ್ ಬಿಂದಿಗೆ ತಂದು ಅಜ್ಜಿಯ ಬಿಂದಿಗೆಯ ಹಿಂದೆ ಇಟ್ಟಳು. ಎರಡನೇ ಮನೆಗೆ ಎರಡನೇ ಸ್ಥಾನ ಎಂದು ಯಾರೋ ಹೇಳಿದ್ದರಂತೆ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ, ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಅಕ್ಕ ಬಂದು, ಇದು ನನ್ನ ಜಾಗ ಅಲ್ವೇನಮ್ಮ ಎಂದರು. ಮಾತಿಗೆ ಮಾತು ಬೆಳೆಯುವ ಮೊದಲೇ ಮೇಷ್ಟ್ರು, ಭಾನುವಾರ ಎಲ್ಲರೂ ಸೇರಿ ತೀರ್ಮಾನ ಮಾಡೋಣ ಎಂದರು.

ಭಾನುವಾರ ಅಜ್ಜಿಯ ಜಗಲಿಯ ಮೇಲೆ ಪೀಠ ಸೇರಿತು. ಅಧ್ಯಕ್ಷರು ಮೇಷ್ಟ್ರು. ಪ್ರಶ್ನೆ ಒಂದೇ, ಹಿಂದಿನಿಂದ ನಡೆದುಬಂದ ಪದ್ಧತಿ ಏನು? ಇಲ್ಲಿಯೇ ನನಗೆ ಸಮಾಜಶಾಸ್ತ್ರದ ಪಾಠ ಶುರುವಾದದ್ದು. ಹಸಿರು ಕೊಡ ಕೊನೆಗೆ ಹೋದರೆ ಅಜ್ಜಿಯನ್ನು ಬಿಟ್ಟು ಉಳಿದ ಐದೂ ಮನೆ ಒಂದೊಂದು ಸ್ಥಾನ ಮುಂದೆ ಬರುತ್ತವೆ. ಇದು ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರ ನೆನಪಿನಲ್ಲೂ ಬಂತು. ಒಬ್ಬರು, ಆಗಾಗ ಮುಂದೆ ಇರ್ತಿತ್ತು, ಆದರೆ ದಿನಾ ಅಲ್ಲ ಎಂದರು. ಇನ್ನೊಬ್ಬರು, ಚಳಿಗಾಲದಲ್ಲಿ ಇದ್ದ ಹಾಗೆ ಜ್ಞಾಪಕ ಎಂದರು. ಮೇಷ್ಟ್ರು, ಅದು ರಿಯಾಯಿತಿಯೇ ಹೊರತು ಹಕ್ಕಲ್ಲ ಎಂದರು. ಅಜ್ಜಿಯನ್ನು ಕೇಳಿದರೆ, ನನ್ನ ಬಿಂದಿಗೆ ಮುಂದಿರುತ್ತೆ, ಹಿಂದಿನೋರ ಸಮಾಚಾರ ನನಗೆ ಹೇಗೆ ಗೊತ್ತಾಗಬೇಕು ಎಂದರು. ಸುಳ್ಳು ಯಾರೂ ಹೇಳಲಿಲ್ಲ. ನಿಜವನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಮರೆತರು, ಎಲ್ಲ ಸೇರಿ ಪೂರ್ತಿ ಮರೆತ ಹಾಗಾಯಿತು.

ಅಕ್ಕ ಮೆಲ್ಲಗೇ ಹೇಳಿದರು. ಫ್ಯಾಕ್ಟರಿಯಲ್ಲಿ ಕೆಲಸ ಇನ್ನೂ ಕಾಯಂ ಆಗಿಲ್ಲ, ಇನ್ನು ಮೂರು ತಿಂಗಳಿದೆ. ಅಷ್ಟರಲ್ಲಿ ಮೂರು ಸಲ ತಡವಾಗಿ ಹೋದರೆ ಹೆಸರು ಪಟ್ಟಿಯಿಂದ ತೆಗೆಯುತ್ತಾರೆ. ಕೊನೆಗೆ ನಿಂತರೆ ತನ್ನ ಸರದಿ ಬರುವುದೇ ಆರೂವರೆಗೆ, ಬಸ್ಸು ಹೋಗುವುದೂ ಆರೂವರೆಗೆ.

ಎಲ್ಲರೂ ಅಯ್ಯೋ ಪಾಪ ಎಂದರು. ಆಗ ಯಾರಿಗೋ ಹೊಳೆಯಿತು: ಚಿತ್ರ ಇದೆಯಲ್ಲ! ಹೊಸಬರು ಬರುವ ಮೊದಲೇ ಬರೆದದ್ದು, ಯಾರ ಪರವೂ ಇಲ್ಲದ್ದು. ಹಲಗೆಯನ್ನು ನನ್ನ ಕೈಯಲ್ಲೇ ಹೊರಿಸಿಕೊಂಡು ತಂದು ಜಗಲಿಗೆ ಒರಗಿಸಿದರು. ಮೇಷ್ಟ್ರು ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು. ಏಳನೆಯದರ ಮೇಲೆ ಬೆರಳು ನಿಂತಿತು. ಗಿಳಿಹಸಿರು.

ಅಕ್ಕ ಚಿತ್ರವನ್ನು ಮೊದಲ ಸಲ ನೋಡಿದ್ದು ಆಗಲೇ. ಒಂದು ಸಲ ಚಿತ್ರ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಒಳಗೆ ಹೋದರು.

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಇಷ್ಟು ವರ್ಷವಾದ ಮೇಲೆ ಹೇಳಬಹುದು. ಮೇಷ್ಟ್ರು ಆ ಗಳಿಗೆಯಲ್ಲಿ, ಈ ಹುಡುಗನ ಕಣ್ಣು ತಕ್ಕಡಿ ಇದ್ದ ಹಾಗೆ, ಇದ್ದದ್ದು ಇದ್ದ ಹಾಗೇ ಬರೆದಿದ್ದಾನೆ ಎಂದರು. ಆವತ್ತಿನವರೆಗೆ ನಮ್ಮ ವಠಾರದಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಹತ್ತೊಂಬತ್ತು ವರ್ಷದವನಿಗೆ ಹೊಗಳಿಕೆ ಸಿಕ್ಕಿದಾಗ ಅದನ್ನು ನುಂಗಲು ಸ್ವಲ್ಪ ಸಮಯ ಬೇಕು. ನಾನು ನಾಲ್ಕು ದಿನ ತೆಗೆದುಕೊಂಡೆ.

ಆ ನಾಲ್ಕು ದಿನ ಅಕ್ಕನನ್ನು ನೋಡಿದೆ. ಆರೂಕಾಲಿಗೆ ಸೀರೆ ಉಟ್ಟು, ಡಬ್ಬಿ ಚೀಲ ಹೆಗಲಿಗೆ ಹಾಕಿಕೊಂಡು, ಸಾಲಿನ ಕೊನೆಯಲ್ಲಿ ಕಾಲು ಬದಲಿಸುತ್ತ ನಿಲ್ಲುತ್ತಿದ್ದರು. ಸೋಮವಾರ ಒಂದೇ ಕೊಡ ಹಿಡಿದು ಓಡಿದರು, ಬಸ್ಸು ಸಿಕ್ಕಿತು, ಮನೆಯಲ್ಲಿ ತಾಯಿಗೆ ಸಂಜೆಯವರೆಗೆ ಅದೇ ನೀರು. ಮಂಗಳವಾರ ಎರಡು ಕೊಡ ಹಿಡಿದು ಓಡಿದರು, ಬಸ್ಸು ತಪ್ಪಿತು. ಗುರುವಾರ ಮತ್ತೆ ತಪ್ಪಿತು. ಇನ್ನೊಂದೇ ಉಳಿದದ್ದು ಎಂದು ಅವರ ತಾಯಿ ನಮ್ಮಮ್ಮನ ಹತ್ತಿರ ಹೇಳುತ್ತಿದ್ದುದು ನನಗೆ ಕೇಳಿಸಿತು. ನಮ್ಮ ಬಿಂದಿಗೆ ಐದರಿಂದ ನಾಲ್ಕಕ್ಕೆ ಬಂದಿತ್ತು. ಅಮ್ಮನಿಗೆ ಕಾಲು ಗಂಟೆ ಹೆಚ್ಚು ಸಿಕ್ಕಿ, ಕಾಫಿ ನಿಧಾನವಾಗಿ ಕುಡಿಯುತ್ತಿದ್ದಳು. 

ಗುರುವಾರ ಸಂಜೆ ಮೇಷ್ಟ್ರ ಮನೆಗೆ ಹೋಗಿ ಒಪ್ಪಿಕೊಂಡೆ. ಹಸಿರು ಕೊಡ ಎರಡನೆಯದೇ ಆಗಿತ್ತು, ಚಿತ್ರ ಚೆನ್ನಾಗಿ ಕಾಣಲಿ ಎಂದು ನಾನೇ ಕೊನೆಗೆ ಹಾಕಿದೆ ಎಂದೆ.

ಮೇಷ್ಟ್ರು ನನ್ನನ್ನು ಕನಿಕರದಿಂದ ನೋಡಿದರು.

“ಅಲ್ಲಪ್ಪ, ನಮ್ಮ ಬಿಂದಿಗೆಯ ಬೆಸುಗೆ ಬಿಟ್ಟಿಲ್ಲ. ನಿಮ್ಮಮ್ಮ ಬೇಡ ಅಂದರೂ ನೆಗ್ಗು ಬಿಟ್ಟಿಲ್ಲ. ಇದೊಂದನ್ನು ಮಾತ್ರ ಸುಳ್ಳು ಬರೆದೆ ಅಂತೀಯಾ?”

ಹೌದು ಎಂದೆ. ಅವರು ಧ್ವನಿ ತಗ್ಗಿಸಿ, ಆ ಕೊನೇ ಮನೆ ಹುಡುಗಿ ಬಂದು ನಿನ್ನ ಹತ್ತಿರ ಏನಾದರೂ ಹೇಳಿಕೊಂಡಳಾ ಎಂದು ಕೇಳಿದರು. ಇಲ್ಲ ಸಾರ್, ಅಕ್ಕ ಏನೂ ಹೇಳಿಲ್ಲ, ಅಕ್ಕ ನನ್ನ ಹತ್ತಿರ ಮಾತೇ ಆಡಿಲ್ಲ ಎಂದು ಅಗತ್ಯಕ್ಕಿಂತ ಎರಡು ಸಲ ಹೆಚ್ಚಾಗಿ ಅಕ್ಕ ಎಂದೆ. ಅದರಿಂದ ಅವರ ಸಂಶಯ ಇನ್ನಷ್ಟು ಗಟ್ಟಿಯಾಯಿತು. ವಠಾರದಲ್ಲಿ ಸುದ್ದಿ ಹರಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಹುಡುಗ ಮೆತ್ತನೆಯವನು, ಪಾಪ ಅಂದುಕೊಂಡು ಮಾತು ಬದಲಿಸುತ್ತಿದ್ದಾನೆ, ಆದರೆ ಚಿತ್ರ ಮಾತು ಬದಲಿಸುತ್ತದೆಯೇ? ಬರೆದವನಿಗಿಂತ ಬರೆದದ್ದರ ಮೇಲೆ ಜನಕ್ಕೆ ಎಷ್ಟು ನಂಬಿಕೆ ಎಂಬುದು ಅಂದು ಗೊತ್ತಾಯಿತು. ಕಲಾವಿದನಾಗುವವನು ಇದರಿಂದ ಹಿಗ್ಗಬೇಕಿತ್ತು.

ಸಾಕ್ಷಿ ಬೇಕು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ವಿಜಯನಗರಕ್ಕೆ, ಜಾಗ ಬಿಟ್ಟುಕೊಟ್ಟ ಪುಣ್ಯಾತ್ಗಿತ್ತಿಯ ಹತ್ತಿರ ಹೋದೆ. ಅವರಿಗಿಂತ ಒಳ್ಳೆಯ ಸಾಕ್ಷಿ ಇನ್ಯಾರು? ಹೊಸ ಮನೆಗೆ ಇನ್ನೂ ಸುಣ್ಣದ ವಾಸನೆ. ಆಂಟಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ನಲ್ಲಿ ತೋರಿಸಿದರು. ತಿರುಗಿಸು ಎಂದರು. ತಿರುಗಿಸಿದೆ, ನೀರು ಬಂತು. ಬಚ್ಚಲಿನದು ತಿರುಗಿಸು ಎಂದರು. ಹಿತ್ತಲಿನದು, ಮಹಡಿಯದು. ಐದು ನಲ್ಲಿ ತಿರುಗಿಸಿ, ಸಂಪಿನ ಮುಚ್ಚಳ ಎತ್ತಿ ಬಗ್ಗಿ ನೋಡಿ, ಅದರಲ್ಲಿ ನನ್ನ ಮುಖ ಕಂಡು ಮೆಚ್ಚಿ, ಆಮೇಲೆ ವಿಷಯಕ್ಕೆ ಬಂದೆ.

“ಕ್ಯೂನಾ?” ಎಂದರು ಆಂಟಿ. “ಅಯ್ಯೋ, ಅದನ್ನೆಲ್ಲ ಯಾರು ಜ್ಞಾಪಕ ಇಟ್ಕೋತಾರಪ್ಪ? ನಾನು ಆ ಹುಡುಗಿಗೆ ಜಾಗ ಬಿಟ್ಟಿದ್ದೆ ಅಂತೀಯಾ? ಬಿಟ್ಟಿದ್ರೂ ಬಿಟ್ಟಿರ್ತೀನಿ. ಕೋಡುಬಳೆ ತಗೋ.”

ಒಂದು ವರ್ಷಕ್ಕೂ ಮೇಲೆ ದಿನಬೆಳಗಾದರೆ ಮಾಡಿದ ಉಪಕಾರವನ್ನು ಐದು ನಲ್ಲಿಗಳು ಎರಡು ವಾರದಲ್ಲಿ ತೊಳೆದುಬಿಟ್ಟಿದ್ದವು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ನಮಗೂ ಸ್ವಂತ ನಲ್ಲಿ ಬಂದಿದ್ದರೆ ನಾನೂ ಮರೆಯುತ್ತಿದ್ದೆ, ಪ್ರಾಯಶಃ ಇನ್ನೂ ಬೇಗ. ಅಮ್ಮನಿಗೆಂದು ಕಟ್ಟಿಕೊಟ್ಟ ಕೋಡುಬಳೆಯನ್ನು ಬಸ್ಸಿನಲ್ಲೇ ಅರ್ಧ ಮುಗಿಸಿ ವಾಪಸು ಬಂದೆ. ಜಗಿಯುವಾಗಲೇ ಒಂದು ವಿಚಾರ ಹೊಳೆದದ್ದು. ಹೊಳೆದ ಮೇಲೆ ಉಳಿದ ಅರ್ಧ ರುಚಿಸಲಿಲ್ಲ, ಏಕೆಂದರೆ ಸೋಮವಾರ ಚಿತ್ರ ಶಾಲೆಗೆ ಕೊಡಬೇಕಿತ್ತು.

ಪೋಸ್ಟರ್ ಕಲರಿನ ಗುಣ ಬಲ್ಲವರಿಗೆ ಗೊತ್ತು. ಒಣಗಿದ ಮೇಲೆ ಗೋಡೆಯ ಹಾಗೆ ಗಟ್ಟಿಯಾಗಿ ಕಾಣುತ್ತದೆ, ಆದರೆ ನೀರು ಸೋಕಿದರೆ ಮತ್ತೆ ಕರಗುತ್ತದೆ. ಒಂದರ ಮೇಲೆ ಒಂದು ಎಷ್ಟು ಹಚ್ಚಿದರೂ ಮೇಲಿನದು ಹೋದರೆ ಅಡಿಯದು ಅಲ್ಲೇ ಕೂತಿರುತ್ತದೆ. ಅದರಲ್ಲೂ ಆ ಹಸಿರು ಕಾಗದದ ಒಳಕ್ಕೇ ಇಳಿದುಬಿಡುವ ಜಾತಿಯದು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಲಗೆಯನ್ನು ಜಗಲಿಗೆ ಒರಗಿಸಿ ಮೇಷ್ಟ್ರನ್ನು ಕರೆದೆ. ಅಜ್ಜಿ ಬಂದರು. ಎರಡನೇ ಮನೆಯ ಹುಡುಗಿ ಬಾಗಿಲಲ್ಲಿ ನಿಂತಳು. ಅಕ್ಕ ಬಟ್ಟೆ ಒಣಹಾಕುತ್ತಿದ್ದವರು ಈ ಕಡೆ ತಿರುಗಲಿಲ್ಲ. ಸಾರ್, ನನ್ನ ಮಾತು ನಂಬಬೇಡಿ, ಚಿತ್ರವನ್ನೇ ಕೇಳೋಣ ಎಂದೆ. ಈ ವಾಕ್ಯವನ್ನು ಸ್ನಾನ ಮಾಡುವಾಗ ಎರಡು ಸಲ ಅಭ್ಯಾಸ ಮಾಡಿದ್ದೆ. ಎಲ್ಲ ಸರಿ, ಆದರೆ ನೀರು ತರುವುದನ್ನು ಮರೆತಿದ್ದೆ. ಹಿಂತಿರುಗಿ ನೋಡಿದರೆ ಅಮ್ಮ ಚೊಂಬು ಹಿಡಿದು ನಿಂತಿದ್ದಳು, ಜೊತೆಗೆ ಹಳೆಯ ಪಂಚೆಯ ಒಂದು ತುಂಡು. ನಾನು ಏನು ಮಾಡಲು ಹೊರಟಿದ್ದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಾಡಿದರೆ ನಮ್ಮ ಬಿಂದಿಗೆ ಎಷ್ಟನೆಯದಾಗುತ್ತದೆಂದೂ ಹೇಳಬೇಕಾಗಿರಲಿಲ್ಲ.

“ತಗೋ. ಜಾಸ್ತಿ ಚೆಲ್ಲಬೇಡ” ಎಂದಳು.

ಬಟ್ಟೆ ಒದ್ದೆ ಮಾಡಿ ಎರಡನೇ ಬಿಂದಿಗೆಯ ಮೇಲಿಟ್ಟೆ. ಇಡೀ ಚಿತ್ರದಲ್ಲಿ ಅದೇ ನನಗೆ ಚೆನ್ನಾಗಿ ಬಂದದ್ದು. ಹಿತ್ತಾಳೆಯ ಹೊಟ್ಟೆಯ ಮೇಲೆ ಬೆಳಗಿನ ಬೆಳಕು ಬಿದ್ದಿದ್ದನ್ನು ಎರಡು ದಿನ ಕೂತು ಬರೆದಿದ್ದೆ. ಆ ಬೆಳಕು ಮೊದಲು ಹೋಯಿತು. ಆಮೇಲೆ ಹಳದಿ, ಕಂದು ಎಲ್ಲ ಸೇರಿ ಸಾರಿನ ಹಾಗೆ ಹರಿದು ಮೇಷ್ಟ್ರ ಬಿಂದಿಗೆಯ ಕಾಲ ಬಳಿ ನಿಂತಿತು. ಎರಡನೇ ಸಲ ಒರೆಸಿದೆ. ಮೂರನೇ ಸಲ ಒರೆಸಿದಾಗ ಅಡಿಯಿಂದ ಹಸಿರು ಇಣುಕಿತು. ಮೊದಲು ಕಂಠ, ಆಮೇಲೆ ಹೊಟ್ಟೆ. ತೊಳೆದಷ್ಟೂ ಹೊಸದಾಗಿ ಮೇಲೆ ಬಂತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಒಳಗೆ ಹಸಿರಿದೆ ಎಂದು ಒಪ್ಪಿದರು. ಆದರೂ ಅದು ಕೊಡವೇ ಎಂದು ಹೇಗೆ ಹೇಳುವುದು, ಬಣ್ಣ ಮಾತ್ರ ಇದ್ದರೆ ಸಾಕೇ ಎಂದು ನ್ಯಾಯದ ಒಂದು ಸೂಕ್ಷ್ಮ ಎತ್ತಿದರು.

ತೀರ್ಪು ಕೊಟ್ಟವರು ಅಜ್ಜಿ.

“ಅದು ಅವಳದೇ ಕಣ್ರೀ ಮೇಷ್ಟ್ರೆ. ಆ ಬಣ್ಣಾನ ಇನ್ಯಾರು ಮನೆಗೆ ತರ್ತಾರೆ?”

ಇದರ ಮೇಲೆ ಅಪೀಲು ಇರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹಸಿರು ಕೊಡವು ಎರಡನೇ ಸ್ಥಾನದಲ್ಲಿರುವುದೇ ಈ ವಠಾರದ ಪದ್ಧತಿಯೆಂದು ಚಿತ್ರದಿಂದ ಸಾಬೀತಾಗಿದೆ ಎಂದು ಸಾರಿದರು. ಅದೇ ಚಿತ್ರದಿಂದ ಹಿಂದಿನ ಭಾನುವಾರ ಇನ್ನೊಂದು ಸಾಬೀತಾಗಿತ್ತು ಎಂಬುದನ್ನು ಯಾರೂ ಎತ್ತಲಿಲ್ಲ. ತಕ್ಷಣ ಒಬ್ಬೊಬ್ಬರಿಗೂ ನೆನಪು ವಾಪಸು ಬರತೊಡಗಿತು. ಹೌದು ಹೌದು, ಅಜ್ಜಿಯ ಹಿಂದೆಯೇ ಇರುತ್ತಿತ್ತು, ನಾನು ಅವತ್ತೇ ಹೇಳಬೇಕೆಂದಿದ್ದೆ ಎಂದು ಇಬ್ಬರು ಹೇಳಿದರು. ಎರಡನೇ ಮನೆಯ ಹುಡುಗಿ ಅಂದು ಸಂಜೆ ತಾನೇ ಬಂದು ಸ್ಟೀಲ್ ಬಿಂದಿಗೆಯನ್ನು ಒಂದು ಹಿಂದಕ್ಕೆ ಸರಿಸಿ, ಮೊದಲೇ ಹೇಳಿದ್ದರೆ ನಾನ್ಯಾಕೆ ಇಡ್ತಿದ್ದೆ ಎಂದಳು. ಅವಳದು ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದವನು ಆಗ ಬ್ರಷ್ಷು ತೊಳೆಯುವುದರಲ್ಲಿ ಮಗ್ನನಾಗಿದ್ದ.

ಸೋಮವಾರ ಅಕ್ಕ ಐದೂವರೆಗೆಲ್ಲ ನೀರು ಹಿಡಿದು ಮುಗಿಸಿದರು. ಬಸ್ಸು ಬರುವ ಮೊದಲೇ ಸ್ಟಾಪಿನಲ್ಲಿ ನಿಂತಿದ್ದರಂತೆ. ನಾನು ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಎರಡು ಬಸ್ಸು ಹತ್ತಿದೆ. ಗುರುಗಳು ಚಿತ್ರ ನೋಡಿ, ಯಾರಾದರೂ ನೀರು ಚೆಲ್ಲಿದರೇನಯ್ಯ ಎಂದು ಕೇಳಿದರು. ನಾನೇ ಸಾರ್ ಎಂದೆ. ಯಾಕೆ ಎಂದರು. ಒಬ್ಬರಿಗೆ ಬಸ್ಸಿಗೆ ಹೊತ್ತಾಗಿತ್ತು ಸಾರ್ ಎಂದೆ. ಅವರು ಮತ್ತೇನೂ ಕೇಳದೆ ಪಾಸಾಗುವಷ್ಟು ಅಂಕ ಹಾಕಿದರು. ಈಗಲೂ ನಾನು ಅದನ್ನು ನನ್ನ ಜೀವನದ ಅತ್ಯಂತ ಉದಾರವಾದ ವಿಮರ್ಶೆ ಎಂದೇ ಭಾವಿಸಿದ್ದೇನೆ.

ಮುಂದಿನ ಮೂರು ತಿಂಗಳು ಅಕ್ಕ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಜಗಳವೇನಲ್ಲ, ಹೊತ್ತೇ ಇರಲಿಲ್ಲ. ಮೂರನೆಯ ಸಲ ಬಸ್ಸು ತಪ್ಪಲಿಲ್ಲ. ಒಂದು ಸಂಜೆ ಕೈಯಲ್ಲಿ ಜಾಂಗೀರಿಯ ಪೊಟ್ಟಣ ಹಿಡಿದು ಮನೆಮನೆಗೆ ಬಂದರು. ಕೆಲಸ ಕಾಯಂ ಆಗಿತ್ತು. ಮೊದಲು ಅಜ್ಜಿಗೆ, ಆಮೇಲೆ ಎರಡನೇ ಮನೆಗೆ, ಆಮೇಲೆ ಮೇಷ್ಟ್ರಿಗೆ. ಜಾಂಗೀರಿ ಕೂಡ ಸಾಲು ತಪ್ಪಲಿಲ್ಲ. ನಮ್ಮ ಸರದಿ ಬಂದಾಗ ಅಮ್ಮನ ಕೈಗೆ ಎರಡು ಕೊಟ್ಟು, ಶಾಲೆಯಿಂದ ವಾಪಸು ತಂದು ಬಾಗಿಲ ಹಿಂದೆ ಗೋಡೆಗೆ ತಿರುಗಿಸಿಟ್ಟಿದ್ದ ಹಲಗೆಯನ್ನು ನೋಡಿ, ತೋರಿಸು ಎಂದರು. ತಿರುಗಿಸಿದೆ. ಒಂದು ಹಸಿರು ಎರಡನೆಯದರಲ್ಲಿ ಮಸುಕಾಗಿ, ಒಂದು ಹಸಿರು ಕೊನೆಯಲ್ಲಿ ಢಾಳಾಗಿ.

ಅವತ್ತೇ ಕೇಳಬೇಕೆಂದಿದ್ದೆ, ನನ್ನದನ್ನು ಯಾಕೆ ಕೊನೆಗೆ ಹಾಕಿದ್ದು ಎಂದು ಕೇಳಿದರು. ಒಂದು ಸಲ ಮುಚ್ಚಿಟ್ಟು ಆದದ್ದು ಸಾಕಾಗಿತ್ತು, ಇದ್ದದ್ದನ್ನೇ ಹೇಳಿದೆ. ಅದು ಎರಡನೆಯದರಲ್ಲಿದ್ದರೆ ಕಣ್ಣಿಗೆ ಅಡ್ಡ ಬರುತ್ತದೆ ಎಂದು ನಮ್ಮ ಗುರುಗಳು ಹೇಳಿದರು ಎಂದೆ.

ಅಕ್ಕ ಬಗ್ಗಿ ಆ ಮಸುಕು ಹಸಿರನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನಕ್ಕರು.

“ಈ ವಠಾರದಲ್ಲಿ ಎಲ್ಲರಿಗೂ ಅಡ್ಡ ಬರ್ತಿತ್ತು ಕಣೋ. ಬಾಯಿಬಿಟ್ಟು ಹೇಳಿದ್ದು ನಿಮ್ಮ ಗುರುಗಳು ಒಬ್ರೇ.”

ಎಂದವರೇ, ಪೊಟ್ಟಣ ಮಡಚಿಕೊಂಡು ಐದನೇ ಮನೆಗೆ ಹೋದರು.